ಮೇಜಿನ ಮೇಲಿನ ವಿಮಾನ

ವಿಮಾನ ನಡೆಸುವ ಅನುಭವವನ್ನು ಪಡೆಯಲು ಈಗ ವಿಮಾನ ನಿಲ್ದಾಣಕ್ಕೇ ಹೋಗಬೇಕೆಂದಿಲ್ಲ. ಮನೆಯಲ್ಲಿ ಒಂದು ಮೇಜು, ಅದರ ಮೇಲೊಂದು ಕಂಪ್ಯೂಟರು, ಕೈಯಲ್ಲಿ ಹಿಡಿಯಲು ಜಾಯ್‌ಸ್ಟಿಕ್ ಎಂಬ ಹಿಡಿಕೋಲು, ಇಷ್ಟಿದ್ದರೆ ಸಾಕು. ತೆರೆಯ ಮೇಲೆ ಓಡುದಾರಿಯು ಚಾಚಿಕೊಂಡಿರುತ್ತದೆ. ಎಂಜಿನ್ನು ಗುಡುಗುತ್ತದೆ. ಮರಗಳೂ ಮನೆಗಳೂ ಹಿಂದೆ ಸರಿದು ಕಡೆಗೆ ನೆಲವೇ ಕೆಳಕ್ಕೆ ಇಳಿದುಹೋಗುತ್ತದೆ. ಕುಳಿತವನು ಕುರ್ಚಿಯಿಂದ ಒಂದಂಗುಲವೂ ಕದಲಿರುವುದಿಲ್ಲ. ಆದರೂ ಅವನ ಅಂಗೈ ಬೆವರಿರುತ್ತದೆ. ಇಂಥ ಏರ್ಪಾಡಿಗೆ ಹಾರಾಟದ ಸಿಮ್ಯುಲೇಟರ್ ಎಂದು ಹೆಸರು. ಸಿಮ್ಯುಲೇಟರ್ ಎಂದರೆ ಅನುಕರಿಸುವ ಸಾಧನ.

ನಮ್ಮ ನೆರೆಮನೆಯ ಹುಡುಗನೊಬ್ಬನು ಪ್ರತಿದಿನ ಸಂಜೆ ಒಂದು ಗಂಟೆಯ ಕಾಲ ಹೀಗೆ ಹಾರುತ್ತಾನೆ. ಮುಂದೆ ವಿಮಾನ ಚಾಲಕನಾಗಬೇಕೆಂಬುದು ಅವನ ಆಸೆ. ಅವನು ನಡೆಸುವುದು ಸೆಸ್ನಾ 172 ಎಂಬ ನಾಲ್ಕು ಆಸನಗಳ ಪುಟ್ಟ ವಿಮಾನದ ಅನುಕೃತಿಯನ್ನು. 1955ರಲ್ಲಿ ಮೊದಲ ಬಾರಿ ಹಾರಿದ ಈ ವಿಮಾನವು ಪ್ರಪಂಚದಲ್ಲಿ ಅತ್ಯಂತ ಹೆಚ್ಚು ಸಂಖ್ಯೆಯಲ್ಲಿ ತಯಾರಾದದ್ದು. ಹಾರಾಟ ಕಲಿಯುವವರಲ್ಲಿ ಬಹುಮಂದಿಯ ಮೊದಲ ಗುರು ಇದೇ. ಒಂದು ಭಾನುವಾರ ಹುಡುಗನು ನೋಟುಬುಕ್ಕೊಂದನ್ನು ಹಿಡಿದು ನನ್ನಲ್ಲಿಗೆ ಬಂದನು. "ಈ ಸಿಮ್ಯುಲೇಟರಿನ ಲೆಕ್ಕವೆಲ್ಲ ತಪ್ಪು. ಇದರ ತುಂಬ ಬಗ್‌ಗಳೇ ಇವೆ" ಎಂಬುದು ಅವನ ದೂರು. ನೆಲದ ಮೇಲೆ ಓಡುವಾಗ ವಿಮಾನವು ಎಡಕ್ಕೆ ಎಳೆಯುತ್ತದೆ; ಜಕ್ಕೂರಿನಿಂದ ಹೊರಟರೆ ಏರಲು ಪರದಾಡುತ್ತದೆ; ಮೇಲೆ ಹೋದ ಮೇಲೆ ಅಂಕೆಮೀರಿದ ವೇಗದಲ್ಲಿ ಓಡುತ್ತದೆ; ಒಮ್ಮೊಮ್ಮೆ ನಡುಗುತ್ತದೆ. ಇವಿಷ್ಟನ್ನೂ ಅವನು ದಿನಾಂಕದೊಡನೆ ಬರೆದಿಟ್ಟಿದ್ದನು. ದೂರು ಹೇಳುವವರಲ್ಲಿ ಇಂಥವರು ವಿರಳ. ಆದುದರಿಂದ ನಾನು ಅವನೊಡನೆ ಕುಳಿತೆ.

ಬಗ್ ಎಂದರೆ ಹುಳು. ಯಂತ್ರದಲ್ಲಿಯೋ ಕಂಪ್ಯೂಟರಿನ ಕ್ರಮವಿಧಿಯಲ್ಲಿಯೋ ಅಡಗಿರುವ ದೋಷಕ್ಕೆ ಎಂಜಿನಿಯರುಗಳು ಬಹುಕಾಲದಿಂದ ಈ ಹೆಸರನ್ನು ಬಳಸುತ್ತ ಬಂದಿದ್ದಾರೆ. 1947ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಗಣಕಯಂತ್ರವೊಂದರ ರಿಲೇಯಲ್ಲಿ ನಿಜವಾದ ಪತಂಗವೇ ಸಿಕ್ಕಿಬಿದ್ದಿತ್ತು. ಅಲ್ಲಿನವರು ಅದನ್ನು ತೆಗೆದು ದಿನಚರಿಯ ಪುಟಕ್ಕೆ ಅಂಟಿಸಿಟ್ಟರು. ಎಲ್ಲ ಹುಳುಗಳೂ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಸಿಮ್ಯುಲೇಟರು ಆಟದ ಸಾಮಾನಾಗಿ ಹುಟ್ಟಿದ್ದಲ್ಲ. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತನ ತಂದೆಗೆ ಪಿಯಾನೋ ಮತ್ತು ಆರ್ಗನ್ ವಾದ್ಯಗಳನ್ನು ತಯಾರಿಸುವ ಕಾರ್ಖಾನೆಯಿತ್ತು. ಆರ್ಗನ್ನಿನ ತಿದಿಗಳನ್ನೇ ಬಳಸಿ, ಓಲಾಡುವ ಪುಟ್ಟ ಮರದ ವಿಮಾನವೊಂದನ್ನು ಲಿಂಕ್ 1929ರ ಹೊತ್ತಿಗೆ ರಚಿಸಿದನು. ಮೊದಲು ಅದನ್ನು ಕೇಳುವವರೇ ಇರಲಿಲ್ಲ. ಜಾತ್ರೆಗಳಲ್ಲಿ ಮಕ್ಕಳು ಕಾಸು ಕೊಟ್ಟು ಹತ್ತುವ ವಸ್ತುವಾಗಿತ್ತು. 1934ರಲ್ಲಿ ಅಮೆರಿಕದ ಸೇನೆಯು ವಿಮಾನದ ಅಂಚೆಯನ್ನು ವಹಿಸಿಕೊಂಡಾಗ ಮಂಜಿನಲ್ಲಿಯೂ ಕತ್ತಲಲ್ಲಿಯೂ ಉಪಕರಣಗಳನ್ನು ನೋಡಿ ಹಾರಲು ತಿಳಿಯದೆ ಹಲವು ಚಾಲಕರು ಪ್ರಾಣ ಕಳೆದುಕೊಂಡರು. ಆಗ ಸೇನೆಯು ಲಿಂಕನ ಆರು ಯಂತ್ರಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧದಲ್ಲಿ ಸಾವಿರಾರು ಯಂತ್ರಗಳು ಬಂದವು. ಮನೆಯ ಕಂಪ್ಯೂಟರಿಗೆ ಈ ವಿದ್ಯೆ ಇಳಿದುಬಂದದ್ದು ಬ್ರೂಸ್ ಆರ್ಟ್‌ವಿಕ್ ಎಂಬ ಎಂಜಿನಿಯರನಿಂದ, 1980ರ ಸುಮಾರಿಗೆ. ಅಂದಿನ ತೆರೆಯ ಮೇಲೆ ನೆಲವೆಂದರೆ ನಾಲ್ಕಾರು ಗೆರೆಗಳು ಮಾತ್ರ.

ಇನ್ನು ಹುಡುಗನ ದೂರುಗಳ ಬಳಿಗೆ ಬರೋಣ. ಅದಕ್ಕೆ ಮೊದಲು ಈ ಸಾಧನದ ಒಳಗೆ ನಡೆಯುವುದೇನೆಂಬುದನ್ನು ಸ್ವಲ್ಪ ತಿಳಿಯಬೇಕು. ಹಾರುವ ವಿಮಾನದ ಮೇಲೆ ನಾಲ್ಕು ಬಲಗಳು ವರ್ತಿಸುತ್ತವೆ. ರೆಕ್ಕೆಯಿಂದ ಬರುವ ಎತ್ತುಬಲ, ಭೂಮಿಯು ಸೆಳೆಯುವ ತೂಕ, ಪ್ರೊಪೆಲರಿನ ನೂಕುಬಲ, ಗಾಳಿಯ ತಡೆ. ಎತ್ತುಬಲವೂ ತಡೆಯೂ ಗಾಳಿಯ ಸಾಂದ್ರತೆ, ರೆಕ್ಕೆಯ ವಿಸ್ತಾರ, ವೇಗದ ವರ್ಗ ಇವುಗಳನ್ನು ಅನುಸರಿಸುತ್ತವೆ. ವೇಗವು ಎರಡರಷ್ಟಾದರೆ ಅವು ನಾಲ್ಕರಷ್ಟಾಗುತ್ತವೆ. ಕಂಪ್ಯೂಟರು ಈ ಬಲಗಳನ್ನು ಲೆಕ್ಕಹಾಕಿ, ನ್ಯೂಟನ್ನನ ನಿಯಮದಂತೆ ವಿಮಾನವು ಮರುಕ್ಷಣದಲ್ಲಿ ಎಲ್ಲಿರಬೇಕೆಂದು ಗೊತ್ತುಮಾಡುತ್ತದೆ. ಮತ್ತೆ ಹೊಸದಾಗಿ ಲೆಕ್ಕಹಾಕುತ್ತದೆ. ಒಂದು ಸೆಕೆಂಡಿನಲ್ಲಿ ಇದು ಹತ್ತಾರು ಬಾರಿ ನಡೆಯುತ್ತದೆ. ಕೆಲವು ಸಿಮ್ಯುಲೇಟರುಗಳು ನಿಜವಾದ ಹಾರಾಟದಲ್ಲಿಯೂ ಗಾಳಿಸುರಂಗದಲ್ಲಿಯೂ ಅಳೆದ ಅಂಕಿಗಳನ್ನು ಕೋಷ್ಟಕಗಳಾಗಿ ಇಟ್ಟುಕೊಂಡಿರುತ್ತವೆ. 1995ರಲ್ಲಿ ಬಂದ ಎಕ್ಸ್-ಪ್ಲೇನ್ ಎಂಬುದು ಇನ್ನೊಂದು ದಾರಿಯನ್ನು ಹಿಡಿಯಿತು. ಅದು ರೆಕ್ಕೆಯನ್ನು ಸಣ್ಣ ಸಣ್ಣ ತುಂಡುಗಳಾಗಿ ವಿಂಗಡಿಸಿ, ಪ್ರತಿಯೊಂದರ ಮೇಲಿನ ಬಲವನ್ನೂ ಬೇರೆ ಬೇರೆ ಕಂಡುಹಿಡಿದು ಕೂಡಿಸುತ್ತದೆ.

ಆದುದರಿಂದ ತಪ್ಪು ಹಲವು ಕಡೆ ಇರಬಹುದು. ಸಮೀಕರಣವು ಸರಿಯಿದ್ದು ಅದಕ್ಕೆ ಕೊಟ್ಟ ಅಂಕಿ ತಪ್ಪಾಗಿರಬಹುದು. ಇದಕ್ಕೊಂದು ಸ್ವಾರಸ್ಯದ ನಿದರ್ಶನವುಂಟು. 2020ರ ಆಗಸ್ಟ್ ತಿಂಗಳಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಹೊಸ ಸಿಮ್ಯುಲೇಟರು ಹೊರಬಂದಾಗ, ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಹೊರವಲಯದ ಮೇಲೆ ಹಾರಿದವರಿಗೆ ತಗ್ಗಾದ ಮನೆಗಳ ನಡುವೆ ಮುಗಿಲು ಮುಟ್ಟುವ ಸ್ತಂಭದಂಥ ಕಟ್ಟಡವೊಂದು ಕಾಣಿಸಿತು. ಅಲ್ಲಿ ಅಂಥ ಕಟ್ಟಡವೇ ಇಲ್ಲ. ಸಾರ್ವಜನಿಕರು ಕೂಡಿ ರಚಿಸುವ ಭೂಪಟವೊಂದರಲ್ಲಿ ವಿದ್ಯಾರ್ಥಿಯೊಬ್ಬನು ಒಂದು ಕಟ್ಟಡದ ಅಂತಸ್ತು 2 ಎಂದು ಬರೆಯುವುದಕ್ಕೆ ಬದಲಾಗಿ 212 ಎಂದು ಬರೆದಿದ್ದನು. ಭೂಪಟದಲ್ಲಿ ತಪ್ಪು ತಿದ್ದಲ್ಪಟ್ಟಿತಾದರೂ ಅಷ್ಟರಲ್ಲಿ ಸಿಮ್ಯುಲೇಟರು ಹಳೆಯ ಪ್ರತಿಯನ್ನು ತೆಗೆದುಕೊಂಡಾಗಿತ್ತು. ಇಷ್ಟು ದೊಡ್ಡ ತಪ್ಪು ಅಪಾಯಕಾರಿಯಲ್ಲ. ಎಲ್ಲರೂ ನೋಡಿ ನಗುತ್ತಾರೆ. ಕಣ್ಣಿಗೆ ಬೀಳದ ತಪ್ಪುಗಳನ್ನೇ ನಾವು ಹುಡುಕಬೇಕಾದದ್ದು.

ಎಡಕ್ಕೆ ಎಳೆಯುವ ದೂರನ್ನು ತೀರಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಸೆಸ್ನಾದ ಪ್ರೊಪೆಲರು ಚಾಲಕನ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ಬಲಕ್ಕೆ ತಿರುಗುತ್ತದೆ. ಅದು ಹಿಂದಕ್ಕೆ ತಳ್ಳುವ ಗಾಳಿಯು ವಿಮಾನದ ಮೈಯನ್ನು ಬಳ್ಳಿಯಂತೆ ಸುತ್ತಿಕೊಂಡು ಹೋಗಿ ಬಾಲದ ನೆಟ್ಟನೆಯ ಫಲಕದ ಎಡಮಗ್ಗುಲಿಗೆ ಬಡಿಯುತ್ತದೆ. ಬಾಲವು ಬಲಕ್ಕೆ ಸರಿದರೆ ಮೂತಿ ಎಡಕ್ಕೆ ತಿರುಗಲೇಬೇಕು. ಎಂಜಿನ್ನು ಪ್ರೊಪೆಲರನ್ನು ಬಲಕ್ಕೆ ತಿರುಚಿದಂತೆ ವಿಮಾನದ ಮೈ ಎಡಕ್ಕೆ ತಿರುಚಿಕೊಳ್ಳಲು ಯತ್ನಿಸುವುದೂ ಇದರೊಡನೆ ಸೇರುತ್ತದೆ. ನಿಜವಾದ ಚಾಲಕನು ಬಲಗಾಲಿನಿಂದ ರಡ್ಡರಿನ ಮೆಟ್ಟನ್ನು ಒತ್ತಿ ನೇರಮಾಡಿಕೊಳ್ಳುತ್ತಾನೆ. ಹುಡುಗನ ಬಳಿ ಮೆಟ್ಟುಗಳಿರಲಿಲ್ಲ. ಹಿಡಿಕೋಲನ್ನು ತಿರುಚಿದರೆ ಅದೇ ಕೆಲಸವಾಗುವುದೆಂದು ಅವನಿಗೆ ತಿಳಿದಿರಲಿಲ್ಲ. ವಾಸ್ತವವಾಗಿ ವಿಮಾನವು ಎಡಕ್ಕೆ ಎಳೆಯದೆ ನೇರವಾಗಿ ಓಡಿದ್ದರೆ ಅದನ್ನೇ ದೋಷವೆನ್ನಬೇಕಾಗಿತ್ತು. ನೋಟುಬುಕ್ಕಿನ ಮೊದಲ ಸಾಲಿಗೆ ಅವನು ಅಡ್ಡಗೆರೆ ಎಳೆದನು. ಮುಖದಲ್ಲಿ ಮಾತ್ರ ಅಷ್ಟೇನೂ ಸಂತೋಷವಿರಲಿಲ್ಲ.

ಏರಲಾರದೆ ಪರದಾಡುವುದು ಇದಕ್ಕಿಂತ ತೊಡಕಾದ ವಿಷಯ. ಅವನ ಸೆಸ್ನಾದ ಮಾದರಿಯು 180 ಅಶ್ವಶಕ್ತಿಯದು. ಪೂರ್ಣ ತೂಕ, ಎಂದರೆ 1157 ಕಿಲೋಗ್ರಾಂ ಹೊತ್ತು ಸಮುದ್ರಮಟ್ಟದಿಂದ ಹೊರಟರೆ ನಿಮಿಷಕ್ಕೆ 730 ಅಡಿ ಏರುತ್ತದೆಂದು ಅದರ ಕೈಪಿಡಿ ಹೇಳುತ್ತದೆ. ಜಕ್ಕೂರಿನಲ್ಲಿ ಹುಡುಗನಿಗೆ ಸಿಕ್ಕಿದ್ದು ಹೆಚ್ಚೆಂದರೆ 350. ಆದರೆ ಕೈಪಿಡಿಯ ಮಾತನ್ನು ಪೂರ್ಣವಾಗಿ ಓದಬೇಕು. ಸಮುದ್ರಮಟ್ಟವೆಂದು ಅದು ಹೇಳುವುದು ಶಿಷ್ಟ ವಾಯುಮಂಡಲದ ಲೆಕ್ಕದಲ್ಲಿ. 15 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಘನ ಮೀಟರಿಗೆ 1.225 ಕಿಲೋಗ್ರಾಂ ತೂಗುವ ಗಾಳಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮಿಗಿಲಾದ ಎತ್ತರದಲ್ಲಿದೆ. ಹುಡುಗನು ಹಾರಿದ್ದು ಏಪ್ರಿಲ್ ತಿಂಗಳ ಮಧ್ಯಾಹ್ನದ ಹವೆಯನ್ನಿಟ್ಟುಕೊಂಡು, 35 ಡಿಗ್ರಿ ಸೆಕೆಯಲ್ಲಿ. ಎತ್ತರದಿಂದ ಗಾಳಿಯು ತೆಳುವಾಗುತ್ತದೆ; ಬಿಸಿಯಿಂದ ಮತ್ತಷ್ಟು ತೆಳುವಾಗುತ್ತದೆ. ಲೆಕ್ಕಹಾಕಿದರೆ ಅಲ್ಲಿನ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.03 ಕಿಲೋಗ್ರಾಂ ಮಾತ್ರ. ಅಂಥ ಗಾಳಿಯು ಶಿಷ್ಟ ವಾಯುಮಂಡಲದಲ್ಲಿ ಸಿಗುವುದು ಸುಮಾರು 1800 ಮೀಟರ್ ಎತ್ತರದಲ್ಲಿ. ನಮ್ಮ ಕಾಲು ಜಕ್ಕೂರಿನ ನೆಲದ ಮೇಲಿದ್ದರೂ ವಿಮಾನದ ಪಾಲಿಗೆ ಅದು ಆಗಲೇ ಮುಳ್ಳಯ್ಯನಗಿರಿಯ ನೆತ್ತಿಯ ಹತ್ತಿರ ಇದ್ದಂತೆ. ರೆಕ್ಕೆಗೆ ಹಿಡಿತ ಕಡಿಮೆ, ಪ್ರೊಪೆಲರಿಗೆ ಹಿಡಿತ ಕಡಿಮೆ, ಎಂಜಿನ್ನಿಗೆ ಉಸಿರು ಕಡಿಮೆ. ಬೇಸಿಗೆಯ ಮಧ್ಯಾಹ್ನ ಎತ್ತರದ ಊರುಗಳಿಂದ ಹೊರಡುವ ಚಾಲಕರು ಮೊದಲು ಮಾಡುವುದು ಈ ಲೆಕ್ಕವನ್ನೇ.

ಹೀಗೆ ಲೆಕ್ಕಹಾಕಿದರೂ ನಿಮಿಷಕ್ಕೆ 450 ಅಡಿಗಿಂತ ಕಡಿಮೆಯಾಗಬಾರದು. ಉಳಿದ ಕೊರತೆ ಎಲ್ಲಿಯದು? ಎಂಜಿನ್ನಿಗೆ ಗಾಳಿಯೂ ಪೆಟ್ರೋಲೂ ಒಂದು ಪ್ರಮಾಣದಲ್ಲಿ ಬೆರೆತು ಹೋಗಬೇಕು. ಗಾಳಿ ತೆಳುವಾದಾಗ ಪೆಟ್ರೋಲನ್ನೂ ತಗ್ಗಿಸದಿದ್ದರೆ ಮಿಶ್ರಣವು ವಿಪರೀತ ದಟ್ಟವಾಗಿ ಎಂಜಿನ್ನು ಸೊರಗುತ್ತದೆ. ಇದಕ್ಕಾಗಿಯೇ ಸೆಸ್ನಾದಲ್ಲಿ ಒಂದು ಕೆಂಪು ಗುಂಡಿಯುಂಟು. ಹುಡುಗನು ಆ ಗುಂಡಿಯನ್ನು ಎಂದೂ ಮುಟ್ಟಿರಲಿಲ್ಲ. ಸ್ವಲ್ಪ ಹಿಂದಕ್ಕೆ ಎಳೆದು ನೋಡಿದಾಗ ಎಂಜಿನ್ನಿನ ಸದ್ದೇ ಬದಲಾಯಿತು. ಏರುವ ದರ 460ಕ್ಕೆ ಬಂದಿತು. ಇದೂ ಬಗ್ ಅಲ್ಲ.

ಮೂರನೆಯ ದೂರಿನಲ್ಲಿ ನಾನೂ ಕೆಲಕಾಲ ದಾರಿ ತಪ್ಪಿದೆನೆಂದು ಒಪ್ಪಿಕೊಳ್ಳಬೇಕು. 8500 ಅಡಿ ಎತ್ತರದಲ್ಲಿ ಎಂಜಿನ್ನಿನ ಮುಕ್ಕಾಲು ಶಕ್ತಿಯನ್ನು ಬಳಸಿದರೆ ವೇಗವು 124 ನಾಟ್ ಎಂದು ಕೈಪಿಡಿ ಹೇಳುತ್ತದೆ. ಒಂದು ನಾಟ್ ಎಂದರೆ ಗಂಟೆಗೆ 1.85 ಕಿಲೋಮೀಟರ್. ಹುಡುಗನ ಕಣ್ಣೆದುರಿಗೆ ಇದ್ದದ್ದು ಎರಡು ಬೇರೆಯೇ ಅಂಕಿಗಳು. ಗಾಳಿವೇಗದ ಮುಳ್ಳು 109ನ್ನು ತೋರಿಸುತ್ತಿತ್ತು. ತೆರೆಯ ಮೂಲೆಯ ನಕ್ಷೆ 150ನ್ನು ತೋರಿಸುತ್ತಿತ್ತು. ಎರಡೂ ತಪ್ಪು ಎಂದು ಅವನು ಬರೆದುಕೊಂಡಿದ್ದನು.

150ನ್ನೇ ಮೊದಲು ಪರೀಕ್ಷಿಸಿದೆವು. ಗಾಳಿಯ ತಡೆಯು ವೇಗದ ವರ್ಗದಂತೆ ಏರುವುದರಿಂದ, ಅದನ್ನು ಎದುರಿಸಲು ಬೇಕಾದ ಶಕ್ತಿಯು ಬಹುಮಟ್ಟಿಗೆ ವೇಗದ ಘನದಂತೆ ಏರುತ್ತದೆ. 124ರಿಂದ 150ಕ್ಕೆ ಹೋಗುವುದೆಂದರೆ ವೇಗವು ಐದನೆಯ ಒಂದು ಭಾಗದಷ್ಟು ಹೆಚ್ಚಿದಂತೆ. ಆದರೆ ಶಕ್ತಿಯು ಮುಕ್ಕಾಲು ಪಾಲಿಗಿಂತಲೂ ಹೆಚ್ಚಬೇಕು. 180ರ ಮುಕ್ಕಾಲು 135 ಅಶ್ವಶಕ್ತಿ. ಅದಕ್ಕೆ ಬದಲು ಸುಮಾರು 239 ಬೇಕು. ಇಡೀ ಎಂಜಿನ್ನಿನಲ್ಲಿಯೇ ಅಷ್ಟಿಲ್ಲ! ಹಾಗಾದರೆ ಇದನ್ನು ಮಾಡಿದವನು ಗಾಳಿಯ ತಡೆಯನ್ನು ಅರ್ಧಕ್ಕೆ ಇಳಿಸಿಬಿಟ್ಟಿದ್ದಾನೆಂದು ನಾನು ತೀರ್ಮಾನಿಸಿಬಿಟ್ಟೆ. ಆ ಹೊತ್ತಿಗೆ ಹುಡುಗನು ಕಾರಣವಿಲ್ಲದೆಯೇ ವಿಮಾನವನ್ನು ಹಿಂದಕ್ಕೆ ತಿರುಗಿಸಿದನು. ನಕ್ಷೆಯ ಅಂಕಿ 98ಕ್ಕೆ ಇಳಿಯಿತು.

ಗುಟ್ಟು ಗಾಳಿಯಲ್ಲಿತ್ತು. ಸಿಮ್ಯುಲೇಟರು ಅಂದಿನ ನಿಜವಾದ ಹವೆಯನ್ನು ತಂದುಕೊಂಡಿತ್ತು. ಮೇಲೆ 26 ನಾಟ್ ಗಾಳಿ ಬೀಸುತ್ತಿತ್ತು. ನಕ್ಷೆಯು ತೋರಿಸುವುದು ನೆಲವನ್ನು ಕುರಿತ ವೇಗವನ್ನು. ಹೊಳೆಯ ಪ್ರವಾಹದೊಡನೆ ಹೋಗುವ ದೋಣಿಯೂ ಎದುರು ಹೋಗುವ ದೋಣಿಯೂ ನೀರನ್ನು ಕುರಿತು ಒಂದೇ ವೇಗದಲ್ಲಿದ್ದರೂ ದಡದಲ್ಲಿ ನಿಂತವನಿಗೆ ಹಾಗೆ ಕಾಣುವುದಿಲ್ಲ. 150 ಮತ್ತು 98ರ ಸರಾಸರಿ 124, ಕೈಪಿಡಿಯ ಅಂಕಿಯೇ. (ಹೋಗಿಬಂದ ಒಟ್ಟು ದೂರವನ್ನು ಒಟ್ಟು ಕಾಲದಿಂದ ಭಾಗಿಸಿದರೆ 124 ಬರುವುದಿಲ್ಲ, ಅದಕ್ಕಿಂತ ಕಡಿಮೆ ಬರುತ್ತದೆ. ಏಕೆಂದು ಯೋಚಿಸಿ ನೋಡಿರಿ.) ಇನ್ನು ಮುಳ್ಳು 109ನ್ನು ತೋರಿಸಿದ್ದೇಕೆ? ಆ ಉಪಕರಣವು ವೇಗವನ್ನು ಅಳೆಯುವುದೇ ಇಲ್ಲ. ಕೊಳವೆಯೊಂದರ ಬಾಯಿಗೆ ಬಡಿಯುವ ಗಾಳಿಯ ಒತ್ತಡವನ್ನು ಅಳೆದು, ಗಾಳಿಯು ಸಮುದ್ರಮಟ್ಟದ್ದೆಂದು ಭಾವಿಸಿ ವೇಗವನ್ನು ಹೇಳುತ್ತದೆ. ಮೇಲಿನ ತೆಳುಗಾಳಿಯಲ್ಲಿ ಅದು ಯಾವಾಗಲೂ ಕಡಿಮೆಯನ್ನೇ ಹೇಳುತ್ತದೆ. 109, 124, 150 ಈ ಮೂರೂ ನಿಜವೇ. ಮೂರೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರಗಳು.

ನಡುಕದ ವಿಷಯ ಹೀಗಲ್ಲ. ವಿಮಾನವು ತಾನಾಗಿ ಏರಿಳಿಯುವುದರಲ್ಲಿಯೂ ಎರಡು ಬಗೆಯುಂಟು. ಹಿಡಿಕೋಲನ್ನು ಬಿಟ್ಟರೆ ವಿಮಾನವು ಅರ್ಧ ನಿಮಿಷಕ್ಕೊಮ್ಮೆ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವುದು ಸಹಜ. ಏರುವಾಗ ವೇಗ ಕುಂದುತ್ತದೆ, ಇಳಿಯುವಾಗ ಹೆಚ್ಚುತ್ತದೆ. ಉಯ್ಯಾಲೆಯಂತೆ ಇದು ನಡೆಯುತ್ತದೆ. ಇಂಗ್ಲೆಂಡಿನ ಎಂಜಿನಿಯರ್ ಲ್ಯಾಂಚೆಸ್ಟರ್ 1908ರಲ್ಲಿಯೇ ಇದನ್ನು ವಿವರಿಸಿ ಫ್ಯೂಗಾಯ್ಡ್ ಎಂದು ಹೆಸರಿಟ್ಟನು. ಹಾರುವುದಕ್ಕೆ ಗ್ರೀಕ್ ಪದವೆಂದು ಅವನು ಆರಿಸಿಕೊಂಡದ್ದಕ್ಕೆ ಓಡಿಹೋಗುವುದು, ಪಲಾಯನ ಎಂಬ ಅರ್ಥವಿದೆ. ಹೆಸರು ತಪ್ಪಾದರೂ ಗಣಿತ ತಪ್ಪಾಗಲಿಲ್ಲ. ಹೆಸರೂ ಹಾಗೆಯೇ ಉಳಿಯಿತು. ನಮ್ಮ ಹುಡುಗನ ವಿಮಾನವು ಹೀಗೆ ತೂಗುತ್ತಿರಲಿಲ್ಲ. ಅದು ಸೆಕೆಂಡಿಗೆ ಹಲವು ಬಾರಿ ಅದುರುತ್ತಿತ್ತು. ಯಾವ ನಿಜವಾದ ಸೆಸ್ನಾವೂ ಶಾಂತವಾದ ಗಾಳಿಯಲ್ಲಿ ಹಾಗೆ ಅದುರದು.

ಸಂಶಯವು ಮೊದಲು ಹಿಡಿಕೋಲಿನ ಮೇಲೆ ಹೋಯಿತು. ಅಗ್ಗದ ಹಿಡಿಕೋಲುಗಳೊಳಗೆ ಹಳೆಯ ರೇಡಿಯೋದ ಧ್ವನಿಗುಂಡಿಯಲ್ಲಿ ಇರುವಂಥದೇ ಒಂದು ಭಾಗವಿರುತ್ತದೆ. ದೂಳು ಕೂತರೆ ರೇಡಿಯೋ ಗರಗರ ಎನ್ನುವಂತೆ ಇದೂ ಚಂಚಲವಾದ ಅಂಕಿಗಳನ್ನು ಕಳುಹಿಸುತ್ತದೆ. ಪರೀಕ್ಷೆ ಸುಲಭ, ತಂತಿಯನ್ನು ಕಿತ್ತುನೋಡಿದೆವು. ನಡುಕ ನಿಲ್ಲಲಿಲ್ಲ. ಆಮೇಲೆ ಬೇರೇನನ್ನೂ ಮುಟ್ಟದೆ ಮೋಡಗಳನ್ನು ಮಾತ್ರ ತೆಗೆದೆವು, ಊರಿನ ಕಟ್ಟಡಗಳನ್ನು ವಿರಳಮಾಡಿದೆವು. ನಡುಕ ನಿಂತಿತು. ಮೋಡಕ್ಕೂ ನಡುಕಕ್ಕೂ ಸಂಬಂಧವೇನು? ಕಂಪ್ಯೂಟರು ಚಿತ್ರ ಬರೆಯುವುದರಲ್ಲಿಯೇ ದಣಿದು ಹೋಗಿ, ಬಲಗಳ ಲೆಕ್ಕವನ್ನು ಅಪರೂಪವಾಗಿ ಮಾಡುತ್ತಿತ್ತು. ಗದ್ದೆಯ ಬದುವಿನ ಮೇಲೆ ಕಣ್ಣು ಮುಚ್ಚಿ ನಡೆಯುವವನನ್ನು ಊಹಿಸಿಕೊಳ್ಳಿರಿ. ಹೆಜ್ಜೆಗೊಮ್ಮೆ ಕಣ್ಣು ತೆರೆದರೆ ಅವನು ಸ್ವಲ್ಪ ಸ್ವಲ್ಪವೇ ತಿದ್ದಿಕೊಂಡು ನೇರವಾಗಿ ನಡೆಯುತ್ತಾನೆ. ಐದು ಹೆಜ್ಜೆಗೊಮ್ಮೆ ತೆರೆದರೆ, ಎಡಕ್ಕೆ ಬಹಳ ಸರಿದೆನೆಂದು ಗಾಬರಿಯಿಂದ ಬಲಕ್ಕೆ ತಿರುಗಿ, ಮುಂದಿನ ಸಲ ಕಣ್ಣು ತೆರೆಯುವ ವೇಳೆಗೆ ಬಲಗಡೆಯ ಕೆಸರಿನಲ್ಲಿರುತ್ತಾನೆ. ಕಂಪ್ಯೂಟರಿನ ಲೆಕ್ಕವೂ ಹಾಗೆಯೇ. ಇದನ್ನು ತಿಳಿದೇ ಜೆಎಸ್‌ಬಿಸಿಮ್ ಎಂಬ ಹಾರಾಟದ ಕ್ರಮವಿಧಿಯು ಸಾಮಾನ್ಯವಾಗಿ ಸೆಕೆಂಡಿಗೆ 120 ಬಾರಿ ಲೆಕ್ಕಮಾಡುತ್ತದೆ; ಎಕ್ಸ್-ಪ್ಲೇನ್ ಸೆಕೆಂಡಿಗೆ ಸುಮಾರು 20 ಚಿತ್ರಗಳಿಗಿಂತ ಕೆಳಗಿಳಿದರೆ ತನ್ನ ಗಡಿಯಾರವನ್ನೇ ನಿಧಾನಮಾಡಿಬಿಡುತ್ತದೆ.

ಇಷ್ಟಾದ ಮೇಲೆ ಹುಡುಗನು ಕೇಳಿದನು: "ಹಾಗಾದರೆ ಇದರಲ್ಲಿ ತಪ್ಪೇ ಇಲ್ಲವೇ? ಇದ್ದರೂ ಏನಂತೆ, ಇದು ಆಟ ತಾನೆ?"

ಆಟವೆಂಬುದು ಪೂರ್ಣ ನಿಜವಲ್ಲ. ಕೈಕಾಲುಗಳು ಆಟದಲ್ಲಿ ಕಲಿತದ್ದನ್ನೂ ಮರೆಯುವುದಿಲ್ಲ. 2001ರ ನವೆಂಬರ್ 12ರಂದು ನ್ಯೂಯಾರ್ಕಿನಿಂದ ಸ್ಯಾಂಟೋ ಡೊಮಿಂಗೋ ನಗರಕ್ಕೆ ಹೊರಟ ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯ 587ನೆಯ ವಿಮಾನವು, ಮುಂದೆ ಹೋದ ದೊಡ್ಡ ವಿಮಾನವೊಂದರ ಗಾಳಿಯ ಸುಳಿಗೆ ಸಿಕ್ಕಿತು. ಸುಳಿಯು ಭಯಂಕರವಾದುದೇನಲ್ಲ. ಆದರೆ ಸಹಚಾಲಕನು ರಡ್ಡರಿನ ಮೆಟ್ಟುಗಳನ್ನು ಒಂದಾದ ಮೇಲೊಂದರಂತೆ ಎರಡೂ ಕಡೆಗೆ ಬಲವಾಗಿ ತುಳಿದನು. ಬಾಲದ ನೆಟ್ಟನೆಯ ಫಲಕವು ಆ ಹೊಡೆತವನ್ನು ತಾಳದೆ ಕಿತ್ತುಹೋಯಿತು. ವಿಮಾನದಲ್ಲಿದ್ದ 260 ಮಂದಿಯೂ ನೆಲದ ಮೇಲಿದ್ದ ಐವರೂ ಸತ್ತರು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಲಿಯು 2004ರಲ್ಲಿ ತನಿಖೆಯನ್ನು ಮುಗಿಸಿತು. ಅತಿಯಾಗಿ ರಡ್ಡರನ್ನು ಬಳಸಿದ್ದೇ ದುರಂತಕ್ಕೆ ಕಾರಣವೆಂದು ಅದು ಹೇಳಿತು. ಆ ವಿಮಾನದ ರಡ್ಡರಿನ ರಚನೆಯೂ ಸಂಸ್ಥೆಯ ತರಬೇತಿಯ ಕೆಲವು ಅಂಶಗಳೂ ಅದಕ್ಕೆ ನೆರವಾದುವೆಂದೂ ಹೇಳಿತು. ತರಬೇತಿಯ ಸಿಮ್ಯುಲೇಟರಿನಲ್ಲಿ ಒಂದು ಪಾಠವಿತ್ತು. ಸುಳಿಗೆ ಸಿಕ್ಕ ವಿಮಾನವು ಪಕ್ಕಕ್ಕೆ ಪೂರ್ತಿಯಾಗಿ ಮಗುಚಿಕೊಳ್ಳುವಂತೆ ಮಾಡಲು, ಚಾಲಕನು ಏನು ಮಾಡಿದರೂ ಕೆಲಹೊತ್ತು ಫಲಿಸದಂತೆ ಅದನ್ನು ಏರ್ಪಡಿಸಿದ್ದರು. ನಿಜವಾದ ವಿಮಾನವು ಹಾಗೆ ವರ್ತಿಸುವುದಿಲ್ಲ. ಕಲಿಸುವ ಉದ್ದೇಶವು ಒಳ್ಳೆಯದೇ ಆಗಿದ್ದಿತು. ಆದರೆ ಸುಳಿ ಎಂದರೆ ಇಷ್ಟು ಘೋರವೆಂಬ, ಬಲವಾಗಿ ತುಳಿಯದಿದ್ದರೆ ಉಳಿವಿಲ್ಲವೆಂಬ ಸುಳ್ಳು ಭಾವನೆ ಅದರಿಂದ ಹುಟ್ಟಿರಬಹುದೆಂದು ತನಿಖೆಯವರು ಕಂಡರು.

ಇನ್ನೊಂದು ಕೊರತೆಯೂ ಬಹುಕಾಲ ಉಳಿದಿತ್ತು. ಮೂತಿಯನ್ನು ಮಿತಿಮೀರಿ ಎತ್ತಿದರೆ ಗಾಳಿಯು ರೆಕ್ಕೆಯ ಬೆನ್ನನ್ನು ಬಿಟ್ಟು ಚದರಿ, ಎತ್ತುಬಲವು ಕುಸಿಯುತ್ತದೆ. ಇದನ್ನು ಸ್ಟಾಲ್ ಎನ್ನುತ್ತಾರೆ. ದೊಡ್ಡ ವಿಮಾನಗಳನ್ನು ಪರೀಕ್ಷೆಗಾಗಿಯಾದರೂ ಆ ಸ್ಥಿತಿಯ ಆಳಕ್ಕೆ ಒಯ್ಯುವುದು ಅಪಾಯ. ಆದುದರಿಂದ ಅಲ್ಲಿನ ಅಂಕಿಗಳು ಸಿಮ್ಯುಲೇಟರುಗಳಲ್ಲಿ ಇರುತ್ತಿರಲಿಲ್ಲ, ಇದ್ದರೂ ನೆಚ್ಚುವಂತಿರಲಿಲ್ಲ. 2009ರಲ್ಲಿ ಅಮೆರಿಕದ ಬಫಲೋ ಬಳಿಯಲ್ಲಿಯೂ ಅಟ್ಲಾಂಟಿಕ್ ಸಾಗರದ ಮೇಲೆಯೂ ಎರಡು ವಿಮಾನಗಳು ಸ್ಟಾಲಿಗೆ ಸಿಕ್ಕಿ ಬಿದ್ದ ಮೇಲೆ, ತರಬೇತಿಯ ಸಿಮ್ಯುಲೇಟರುಗಳು ಆ ಸ್ಥಿತಿಯನ್ನೂ ಸರಿಯಾಗಿ ಅನುಕರಿಸಬೇಕೆಂದು ಅಮೆರಿಕದ ಸರಕಾರವು 2016ರಲ್ಲಿ ನಿಯಮವನ್ನು ಮಾಡಿತು.

ಹುಡುಗನು ಸುಮ್ಮನೆ ಕೇಳಿದನು. ಬಳಿಕ ತಾನೇ ಒಂದು ಪರೀಕ್ಷೆಯನ್ನು ಯೋಚಿಸಿದನು. ಎಂಜಿನ್ನು ಕೆಟ್ಟು ನಿಂತರೆ ಸೆಸ್ನಾ ಕಲ್ಲಿನಂತೆ ಬೀಳುವುದಿಲ್ಲ. ಗಾಳಿಯ ಮೇಲೆ ಜಾರುತ್ತ ಇಳಿಯುತ್ತದೆ. ಪೂರ್ಣ ತೂಕದಲ್ಲಿ ಗಾಳಿವೇಗವನ್ನು 68 ನಾಟಿನಲ್ಲಿ ಹಿಡಿದರೆ, ಇಳಿದ ಪ್ರತಿಯೊಂದು ಅಡಿಗೂ ಸುಮಾರು 9 ಅಡಿ ಮುಂದೆ ಹೋಗುವುದೆಂದು ಕೈಪಿಡಿಯ ನಕ್ಷೆಯಿಂದ ತಿಳಿಯುತ್ತದೆ. ಹುಡುಗನು ಗಾಳಿಯನ್ನು ನಿಲ್ಲಿಸಿ, ಉಷ್ಣತೆಯನ್ನು ಶಿಷ್ಟ ವಾಯುಮಂಡಲಕ್ಕೆ ಇಳಿಸಿ, ಮಂಗಳೂರಿನ ಕಡಲಿನ ಮೇಲೆ ಎಂಜಿನ್ನನ್ನು ಆರಿಸಿದನು. 2000 ಅಡಿಯಿಂದ 1000 ಅಡಿಗೆ ಇಳಿಯಲು 78 ಸೆಕೆಂಡುಗಳು ಬೇಕು. ಅವನ ಗಡಿಯಾರದಲ್ಲಿ 100 ಆಯಿತು. ಮತ್ತೆ ಮಾಡಿದನು, 101. ಮೂರನೆಯ ಸಲ ಮತ್ತೆ 100.

ಇಲ್ಲಿ ನಿಜವಾದ ಹುಳುವೊಂದಿತ್ತು. ಅದರ ಠಾವನ್ನು ಗುರುತಿಸಲು ಹಿಂದಿನ ಪರೀಕ್ಷೆಯೇ ನೆರವಿಗೆ ಬಂದಿತು. ವಿಮಾನದ ಮೈಯ ತಡೆಯನ್ನೇ ಕಡಿಮೆಯಿಟ್ಟಿದ್ದರೆ ಎಂಜಿನ್ನು ಓಡುವಾಗಲೂ ವೇಗವು 124ನ್ನು ದಾಟಬೇಕಾಗಿತ್ತು, ಅದು ದಾಟಿರಲಿಲ್ಲ. ಎಂಜಿನ್ನು ನಿಂತಾಗ ಮಾತ್ರ ಕಾಣೆಯಾಗುವ ತಡೆ ಯಾವುದು? ಎಂಜಿನ್ನು ಆರಿದ ಮೇಲೆ ಎದುರುಗಾಳಿಯು ಪ್ರೊಪೆಲರನ್ನು ಮಕ್ಕಳ ಗಾಳಿಗಿರಗಟ್ಟೆಯಂತೆ ತಿರುಗಿಸುತ್ತದೆ. ತಿರುಗಿಸಲು ಬೇಕಾದ ಶಕ್ತಿಯನ್ನು ಅದು ವಿಮಾನದ ವೇಗದಿಂದಲೇ ಕದಿಯುತ್ತದೆ. ಈ ಮಾದರಿಯನ್ನು ರಚಿಸಿ ಉಚಿತವಾಗಿ ಹಂಚಿದ ಹವ್ಯಾಸಿಯು ಅದನ್ನು ಲೆಕ್ಕಕ್ಕೆ ಸೇರಿಸಿರಲಿಲ್ಲ. ಸಾವಿರ ಅಡಿ ಎತ್ತರದಲ್ಲಿ ಎಂಜಿನ್ನು ನಿಂತ ಚಾಲಕನು ನಿಜವಾಗಿ ತಲಪಬಲ್ಲದ್ದು 2.7 ಕಿಲೋಮೀಟರ್ ದೂರದ ಬಯಲನ್ನು. ಈ ಮಾದರಿಯಲ್ಲಿ ಪಳಗಿದವನು ಮೂರೂವರೆ ಕಿಲೋಮೀಟರ್ ದೂರದ ಬಯಲನ್ನು ಆರಿಸಿಕೊಂಡಾನು. ನಡುವಿನ ಎಂಟುನೂರು ಮೀಟರುಗಳಲ್ಲಿ ಕೆರೆಯಿರಬಹುದು, ತೋಟವಿರಬಹುದು, ವಿದ್ಯುತ್ತಿನ ತಂತಿಗಳಿರಬಹುದು.

ಮಾದರಿಯ ಅಂಕಿಗಳನ್ನು ಬರೆದಿಟ್ಟ ಕಡತವು ತೆರೆದು ತಿದ್ದಬಹುದಾದಂಥದು. ಹುಡುಗನು ಮೂಲ ಪ್ರತಿಯನ್ನು ಬೇರೆಡೆ ಕಾದಿರಿಸಿ, ನಿಂತ ಎಂಜಿನ್ನಿನ ಪ್ರೊಪೆಲರಿಗೆ ತಡೆಯನ್ನು ಸೇರಿಸಿದನು. ಮೊದಲ ಸಲ ಹೆಚ್ಚಾಗಿ 70 ಸೆಕೆಂಡಿಗೇ ವಿಮಾನವು ಕೆಳಗಿಳಿಯಿತು. ಅನಂತರ 82. ನಾಲ್ಕನೆಯ ಯತ್ನಕ್ಕೆ 79. ಬಳಿಕ ಅವನು ಯಾರೂ ಹೇಳದೆಯೇ 8500 ಅಡಿಗೆ ಏರಿ ಎಂಜಿನ್ನು ಓಡುವಾಗಿನ ವೇಗವನ್ನು ಮತ್ತೊಮ್ಮೆ ಅಳೆದನು. ಅದು 124ರಲ್ಲಿಯೇ ಇತ್ತು. ತನ್ನ ಅಂಕಿಗಳನ್ನೆಲ್ಲ ಒಂದು ಕಾಗದದಲ್ಲಿ ಬರೆದು, ಮಾದರಿಯನ್ನು ರಚಿಸಿದವನಿಗೆ ಕಳುಹಿಸಿದನು. ಉಳಿದ ಒಂದು ಸೆಕೆಂಡು ಎಲ್ಲಿಂದ ಬಂದಿತೆಂದು ನನ್ನನ್ನು ಕೇಳಿದಾಗ, ಅವನ ನಿಲುಗಡಿಯಾರವನ್ನು ಒತ್ತುವ ಹೆಬ್ಬೆರಳಿನ ಕಡೆಗೆ ನಾನು ನೋಡಿದೆ.